ಪಾದಗಳ ತಾಲೀಮು

ಈಗ ಬೆನ್ನುಮೂಳೆಯ ಹತ್ತಿರ ಶಸ್ತ್ರಕ್ರಿಯೆ ಮಾಡುವಾಗ ರೋಗಿಯ ತಲೆಗೂ ಕಾಲಿಗೂ ಸಣ್ಣ ತಂತಿಗಳನ್ನು ಹಚ್ಚಿ, ಒಳಗಿನ ನರ ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂದು ಪರದೆಯ ಮೇಲೆ ನೋಡುತ್ತ ಕೂಡುತ್ತಾರಂತೆ. ಜಲನಗರದಲ್ಲಿ ನಮ್ಮ ಎದುರುಮನೆಗೆ ಬಾಡಿಗೆಗೆ ಬಂದಿರುವ ತರುಣ ಡಾಕ್ಟರ ಹೇಳಿದ. ಪರದೆಯ ಮೇಲಿನ ಗೆರೆ ಕುಣಿಯುತ್ತಿದ್ದರೆ ನರ ಕ್ಷೇಮ. ಗೆರೆ ಸಪಾಟಾದರೆ ಸರ್ಜನ್ ಕೈ ನಿಲ್ಲಿಸಬೇಕು.

“ಕರೆಂಟ್ ಹೋದರ?” ಎಂದೆ.

“ಜನರೇಟರ್ ಇರತೈತ್ರಿ ಕಾಕಾ.”

“ಅದೂ ಕೆಟ್ಟರ?”

ಅವನು ನನ್ನ ಮುಖ ನೋಡಿದ. “ಕಾಕಾ, ಆಪರೇಷನ್ ಯಾರದೈತಿ? ನಿಮ್ದೇನು?”

“ಇಲ್ಲಪಾ.”

“ಮತ್ತ ನೀವ್ಯಾಕ ಬೆವರಾಕತ್ತೀರಿ?”

ಬೆವರುವುದು ನನಗೆ ಹೊಸದಲ್ಲ. ಐವತ್ತರ ಹತ್ತಿರ ಬಂದಿದ್ದೇನೆ. ಇಂದಿಗೂ ಮನೆಗೆ ಕೀಲಿ ಹಾಕಿ ಓಣಿಯ ತಿರುವಿನ ತನಕ ಹೋಗಿ, ವಾಪಸು ಬಂದು ಕೀಲಿ ಜಗ್ಗಿ ನೋಡುವವನು ನಾನು. ಬಸ್ಸಿನಲ್ಲಿ ಕೂತರೆ ಡ್ರೈವರನಿಗೆ ನಿದ್ದೆ ಬಂದೀತೆಂದು ನಾನು ಎಚ್ಚರವಿರುತ್ತೇನೆ. ಆದರೆ ಆ ಹೊತ್ತು ಬೆವರಿದ್ದು ಮುಂದೆ ಬರಲಿರುವ ಯಾವುದಕ್ಕೂ ಅಲ್ಲ, ಎಂದೋ ಆಗಿ ಹೋದದ್ದಕ್ಕೆ. ಎಪ್ಪತ್ತರ ದಶಕದ ನಡುವಿನಲ್ಲಿ ನನ್ನ ಹೆಂಡತಿಯ ಬೆನ್ನು ಕೊಯ್ದಾಗ ಈ ಊರಿನಲ್ಲಿ ಆ ಪರದೆಯೂ ಇರಲಿಲ್ಲ, ಗೆರೆಯೂ ಇರಲಿಲ್ಲ. ನರ ಉಳಿದಿದೆಯೋ ಇಲ್ಲವೋ ತಿಳಿಯಬೇಕಾದರೆ ಕೊಯ್ಯುವ ನಡುವೆ ರೋಗಿಯನ್ನೇ ಎಬ್ಬಿಸಿ ಕೇಳಬೇಕಿತ್ತು. ಆ ಕೇಳುವ ಕೆಲಸ ನನ್ನ ಪಾಲಿಗೆ ಬಂತು.

ಆಗ ನಾನು ತಿಕೋಟಾದ ಪ್ರಾಥಮಿಕ ಶಾಲೆಯಲ್ಲಿ ಮಾಸ್ತರ. ಮನೆ ಜೋರಾಪುರ ಪೇಟೆಯಲ್ಲಿ, ಹಳೆಯ ವಾಡೆಯೊಂದರ ಹಿಂಬದಿಯ ಎರಡು ಕೋಣೆ. ಬೆಳಿಗ್ಗೆ ಅಥಣಿ ರಸ್ತೆಯ ಬಸ್ಸು ಹಿಡಿದು ಹೋಗುವುದು, ಸಂಜೆ ಆ ರಸ್ತೆಯ ಧೂಳನ್ನೆಲ್ಲ ತಲೆಯ ಮೇಲೆ ಹೊತ್ತು ಮರಳುವುದು. ಹೆಂಡತಿ ಬಬಲೇಶ್ವರದವಳು. ಮದುವೆಯಾಗಿ ನಾಲ್ಕೈದು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ನನ್ನ ಚಿಂತೆಗಳಿಗಾಗಿ ಅವಳು ಮನೆಯಲ್ಲಿ ಒಂದು ಜಾಗ ಗೊತ್ತುಮಾಡಿದ್ದಳು. ಅಂಗಿ ತೂಗುಹಾಕುವ ಮೊಳೆಯ ಪಕ್ಕದಲ್ಲಿ ಇನ್ನೊಂದು ಖಾಲಿ ಮೊಳೆ ಇತ್ತು. ನಾನು ಹೊಸ್ತಿಲು ದಾಟುತ್ತಲೇ ಅದನ್ನು ತೋರಿಸುತ್ತಿದ್ದಳು. “ಬಂದ್ರೇನು? ಅದನ್ನ ಅಲ್ಲಿ ತೂಗಹಾಕಿ ಕೈಕಾಲ ತೊಳಕೋರಿ. ನಾಳೆ ಸಾಲಿಗೆ ಹೋಗೂಮುಂದ ನೆನಪಲೇ ತೊಗೊಂಡು ಹೋಗ್ರಿ.”

ಅವಳಿಗೆ ಟೊಂಕ ನೋಯಲು ಶುರುವಾದಾಗ, ಡಾಕ್ಟರರ ಹತ್ತಿರ ಹೋಗೋಣ ಎಂದು ನಾನು ಮೊದಲ ದಿನವೇ ಅಂದಿದ್ದೆ. ನೆಗಡಿ ಬಂದರೂ ಅದನ್ನೇ ಅನ್ನುವವನ ಮಾತಿಗೆ ಬೆಲೆ ಎಲ್ಲಿಂದ ಬರಬೇಕು? “ನೀರಿನ ಕೊಡ ಹೊತ್ತು ಹಿಡದೈತಿ, ಬಿಡ್ರಿ,” ಎಂದು ಅವಳು ಬೇಸಿಗೆಯೆಲ್ಲ ದೂಡಿದಳು. ಆಮೇಲೆ ಒಂದು ದಿನ ಪೇಟೆಯಿಂದ ಬರುವಾಗ ಅವಳ ಎಡಗಾಲಿನ ಚಪ್ಪಲಿ ಕಳಚಿ ದಾರಿಯಲ್ಲೇ ಉಳಿಯಿತು. ಅವಳಿಗೆ ಗೊತ್ತಾಗಲೇ ಇಲ್ಲ. ಬಳೆಗಾರ ಮುದುಕ ಹಿಂದಿನಿಂದ ಕೂಗಿದನಂತೆ: “ಯವ್ವಾ, ಚಪ್ಪಲಿ ನನಗ ಬಿಟ್ಟು ಹೊಂಟಿಯೇನು?”

ಮನೆಗೆ ಬಂದು ಗೋಡೆಗೆ ಒರಗಿ ಕೂತಳು. ಸೀರೆಯನ್ನು ಕಣಕಾಲಿನ ಮೇಲೆ ಸ್ವಲ್ಪ ಸರಿಸಿ, ಮುಖ ಆಚೆ ತಿರುಗಿಸಿದಳು.

“ರೀ, ಇಲ್ಲಿ ಚಿವುಟ್ರಿ.”

ಚಿವುಟಿದೆ.

“ಚಿವುಟ್ರಿ ಅಂದ್ನೆಲ್ಲ.”

“ಚಿವುಟಿದ್ನೆಲ್ಲ,” ಎಂದೆ.

ಆ ದಿನ ಅವಳು ಮೊಳೆ ತೋರಿಸಲಿಲ್ಲ.

ಎಕ್ಸ್-ರೇ ಆಯಿತು, ಇನ್ನೇನೋ ಔಷಧ ಚುಚ್ಚಿ ಮತ್ತೊಂದು ಎಕ್ಸ್-ರೇ ಆಯಿತು. ಊರಿನ ಒಂದು ಆಸ್ಪತ್ರೆಗೆ ಮುಂಬಯಿಯಲ್ಲಿ ಕಲಿತ ಸರ್ಜನ್ ಒಬ್ಬರು ಬರುತ್ತಿದ್ದರು. ಅವರು ಚೀಟಿಯ ಹಿಂಬದಿಯಲ್ಲಿ ಚಿತ್ರ ಬರೆದು ತೋರಿಸಿದರು. ಬೆನ್ನಿನ ಕೆಳಗಿನ ಎಲುಬಿನಲ್ಲಿ ಗಡ್ಡೆ. ಕ್ಯಾನ್ಸರ್. ಅಲ್ಲಿಂದ ಕಿಬ್ಬೊಟ್ಟೆಯ ಕಡೆಗೂ ಸ್ವಲ್ಪ ಇಳಿದಿದೆ.

“ನೋಡ್ರಿ ಮಾಸ್ತರ್ರ, ಬೆನ್ನುಹುರಿ ಕೆಳಗ ಬಂದ ಮ್ಯಾಲೆ ಕುದರಿ ಬಾಲದಾಂಗ ಬಿಚ್ಚಿಕೊಂತೈತಿ. ಗಡ್ಡಿ ಆ ಕೂದಲದಾಗ ಸಿಕ್ಕೊಂಡೈತಿ. ಬಹಳಷ್ಟು ತಗೀಬಹುದು. ಕಡೀ ತುಣುಕೊಂದು ನರಕ್ಕ ಅಂಟೇತಿ. ಅದನ್ನ ಬಿಟ್ರ ಗಡ್ಡಿ ಮತ್ತ ಅಲ್ಲೇ ಬೆಳೀತೈತಿ. ತಗ್ಯಾಕ ಹೋದ್ರ ಕಾಲು ಹೋಗಬಹುದು.”

“ಎರಡೂ?” ಎಂದೆ.

“ಹೋದ್ರ ಎರಡೂ.”

ಅದಕ್ಕೇ ಅವರು ಒಂದು ಉಪಾಯ ಹೇಳಿದರು. ಕಡೆಯ ತುಣುಕನ್ನು ನರದಿಂದ ಅರ್ಧ ಬಿಡಿಸಿದ ಮೇಲೆ ಕೆಲಸ ನಿಲ್ಲಿಸುವುದು. ಅರವಳಿಕೆಯನ್ನು ತಗ್ಗಿಸಿ ರೋಗಿಯನ್ನು ಅರೆ ಎಚ್ಚರಕ್ಕೆ ತರುವುದು. ಮೊದಲು ಕೈ ಹಿಸುಕಲು ಹೇಳುವುದು. ಹಿಸುಕಿದರೆ ಅವಳಿಗೆ ಮಾತು ಕೇಳುತ್ತಿದೆ ಎಂದರ್ಥ. ಆಮೇಲೆ ಪಾದ ಒತ್ತಲು ಹೇಳುವುದು. ಪಾದ ಅಲುಗಿದರೆ ನರ ಕ್ಷೇಮವಾಗಿದೆ, ಮಲಗಿಸಿ ಮುಂದುವರಿಯಬಹುದು. ಕೈ ಅಲುಗಿ ಪಾದ ಅಲುಗದಿದ್ದರೆ, ಅಷ್ಟಕ್ಕೇ ಬಿಟ್ಟು ಹೊಲಿಯುವುದು.

ಅರವಳಿಕೆ ಕೊಡುವವರು ಸೊಲ್ಲಾಪುರದ ಕಡೆಯ ಡಾಕ್ಟರಬಾಯಿ. ದಪ್ಪ ಕನ್ನಡಕ, ಮರಾಠಿ ಬೆರೆತ ಕನ್ನಡ. “ಘಾಬರಿ ಆಗಬ್ಯಾಡಾ ತಾಯಿ. ನಡುವ ಎಬ್ಬಸ್ತೀನಿ, ನೋವು ಗೊತ್ತಾಗೂದಿಲ್ಲ. ಆಮ್ಯಾಲೆ ನಿನಗ ನೆನಪೂ ಇರೂದಿಲ್ಲ,” ಎಂದರು.

“ಎಬ್ಬಿಸಿದ ಮ್ಯಾಲೆ ಚಾ ಕೊಡ್ತೀರೇನ್ರಿ ಬಾಯಾರ?” ಎಂದಳು ನನ್ನ ಹೆಂಡತಿ.

ಡಾಕ್ಟರಬಾಯಿ ನಕ್ಕು ನನ್ನ ಕಡೆ ತಿರುಗಿದರು. “ಮನ್ಯಾಗ ರೋಜ್ ತಾಲೀಮು ಮಾಡಸ್ರಿ. ನಿದ್ದಿಗಣ್ಣಾಗೂ ಮಾಡೂಹಾಂಗ ಆಗಬೇಕು.”

ಅಂದಿನಿಂದ ನಮ್ಮ ಮನೆಯಲ್ಲಿ ಸಂಜೆಯ ತಾಲೀಮು ಶುರುವಾಯಿತು. ತಿಕೋಟಾದಿಂದ ಬಂದು ಕೈಕಾಲು ತೊಳೆಯುತ್ತಲೇ ಚಾಪೆ ಹಾಸುವುದು. ಅವಳು ಬೋರಲು ಮಲಗುವುದು. ಮೊದಲ ಸಂಜೆ ನಾನು ಅವಳ ಕಾಲ ಬುಡದಲ್ಲಿ ಕೂತು ಅಂಗೈ ಒಡ್ಡಿದೆ.

“ಹೂಂ, ಒತ್ತು.”

ಅವಳು ತಟ್ಟನೆ ಪಾದಗಳನ್ನು ಸೀರೆಯೊಳಗೆ ಎಳೆದುಕೊಂಡಳು. “ಏನ್ ಮಾಡಾಕತ್ತೀರಿ? ಗಂಡನ ಕೈಗೆ ಕಾಲ ಹಚ್ಚಲೇನು? ನಮ್ಮವ್ವ ಕೇಳಿದ್ರ ಮನಿಯೊಳಗ ಬಿಟ್ಟಕೊಳ್ಳೂದಿಲ್ಲ.”

“ಡಾಕ್ಟರು ಹೇಳ್ಯಾರಬೇ.”

“ಗಂಡನ್ನ ಒದಿ ಅಂತ ಹೇಳ್ಯಾರೇನು? ಕಾಲ ಆಡಸು ಅಂದಾರ. ಮನ್ಯಾಗ ಗ್ವಾಡಿ ಇಲ್ಲೇನು?”

ನಾನು ಕೇಳಲಿಲ್ಲ, ಅಂಗೈಯನ್ನು ಮತ್ತೆ ಪಾದಕ್ಕೆ ತಾಗಿಸಿದೆ. ತಾಗಿದ್ದೇ ತಡ, ಅವಳು ಅರ್ಧ ಎದ್ದು ಹೊರಳಿದಳು, ಬಲಗೈ ಹಿಂದೆ ಬಂದು ನನ್ನ ಮೊಣಕಾಲು ಮುಟ್ಟಿ, ಅವಳ ಕಣ್ಣಿಗೆ ಹೋಯಿತು. ನಮ್ಮ ಕಡೆ ಯಾರಿಗಾದರೂ ಕಾಲು ತಾಗಿದರೆ ಮಾಡುವುದು ಅದೇ. ದೀಪ ಹಚ್ಚಿದ ಕೂಡಲೇ ಕೈ ಮುಗಿಯುವಂತೆ ಅದು ಆಗಿಬಿಡುತ್ತದೆ, ಅದಕ್ಕೆ ಮನಸ್ಸಿನ ಅಪ್ಪಣೆ ಬೇಕಿಲ್ಲ. “ನೋಡ್ರಿ, ನನ್ನ ಕೈಲೆ ಪಾಪ ಮಾಡಸಾಕತ್ತೀರಿ,” ಎಂದು ಸಿಟ್ಟಾದಳು.

ಸರಿ, ಗೋಡೆಯೇ ಆಯಿತು. ಚಾಪೆಯನ್ನು ಸರಿಸಿ, ಪಾದ ಗೋಡೆಗೆ ತಾಗುವಂತೆ ಮಲಗಿಸಿದೆ. ನಾನು ಅವಳ ತಲೆಯ ಹತ್ತಿರ ಕೂತು ಕೈ ಹಿಡಿದು, ಶಾಲೆಯಲ್ಲಿ ಕವಾಯತು ಮಾಡಿಸುವ ದನಿಯಲ್ಲಿ ಶುರುಮಾಡಿದೆ.

“ಕೈ ಹಿಚುಕು! ಬಲಗಾಲು ಒತ್ತು! ಬಿಡು! ಎಡಗಾಲು ಒತ್ತು! ಬಿಡು!”

“ಮಾಸ್ತರ, ಮೂಗು ಕೆರಕೋಲೇನ್ರಿ?” ಎನ್ನುತ್ತಿದ್ದಳು ಅವಳು, ಹುಡುಗರ ದನಿ ತೆಗೆದು.

ಗೋಡೆಯ ಆಚೆ ಬದಿ, ಓಣಿಯವರೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದ ಮುಸಲ್ಮಾನ ಹೆಂಗಸಿನ ಮನೆ. ತಲೆಮಾರುಗಳಿಂದ ಬಟ್ಟೆ ವ್ಯಾಪಾರದ ಮನೆತನ. ಖಾಲಾ ಒಂದು ಸಂಜೆ ಕಿಟಕಿಗೆ ಬಂದು ಕೇಳಿದರು: “ಅರೇ ಮಾಸ್ತರ, ಏನ್ ಕವಾಯತ್ ನಡಸೀರಿ? ನಮ್ಮ ಮಾಡದಾಗಿನ ಭಾಂಡೆ ಬೀಳಾಕತ್ತಾವ!”

“ನಿಮ್ಮ ಗ್ವಾಡಿಗೆ ಒದ್ಯಾಕತ್ತೇನ್ರಿ ಖಾಲಾ! ತಪ್ಪು ತಿಳಕೋಬ್ಯಾಡ್ರಿ!” ಹೆಂಡತಿ ಮಲಗಿದಲ್ಲಿಂದಲೇ ಕೂಗಿದಳು.

“ಒದಿ ಬೇಟಿ, ಒದಿ! ಬಿದ್ರ ಹೊಸಾದು ಕಟ್ಟಿಸ್ತೀನಿ!”

ಆ ಸಂಜೆಗಳು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಗೋಡೆಯ ಸುಣ್ಣ ಹತ್ತಿ ಬೆಳ್ಳಗಾದ ಅವಳ ಹಿಮ್ಮಡಿ, ಎಣ್ಣೆ ಹಚ್ಚಿದರೂ ಕೂಡದ ಅದರ ಬಿರುಕು, ಒತ್ತುವಾಗ ಅರಳುತ್ತಿದ್ದ ಬೆರಳುಗಳು, ಬೆರಳಿಗೆ ಕಾಲುಂಗುರ. ಮದುವೆಯಾಗಿ ಇಷ್ಟು ವರ್ಷವಾದರೂ ನಾನು ಅವಳ ಪಾದಗಳನ್ನು ಹಾಗೆ ನೋಡಿರಲಿಲ್ಲ. ನೋಡುವ ಕಾರಣವೂ ಬಂದಿರಲಿಲ್ಲ. ಬಲಗಾಲು ಗಟ್ಟಿ. ಎಡಗಾಲು ಹೇಳಿದ ಮೇಲೆ ಸ್ವಲ್ಪ ಯೋಚಿಸಿ ಒತ್ತುತ್ತಿತ್ತು. ಅದು ಯೋಚಿಸುವ ಆ ಗಳಿಗೆಯಲ್ಲಿ ನಾನು ಉಸಿರು ಹಿಡಿಯುತ್ತಿದ್ದೆ. ಅವಳಿಗೆ ನನ್ನ ಕೈಯಿಂದಲೇ ಅದು ತಿಳಿಯುತ್ತಿತ್ತು. “ಬಂತ್ ಬಂತ್, ಉಸರ್ ಬಿಡ್ರಿ,” ಎನ್ನುತ್ತಿದ್ದಳು.

ಆಸ್ಪತ್ರೆಗೆ ಸೇರಿದ ಮೇಲೆ ಅಲ್ಲಿಯೂ ಒಮ್ಮೆ ತಾಲೀಮು ನೋಡಿದರು. ಡಾಕ್ಟರಬಾಯಿ ತಾವೇ ಹೇಳಿದರು. ಹೆಂಡತಿ ಮರ್ಯಾದೆಯಿಂದ ಹೂಂ ಹೂಂ ಎಂದಳೇ ಹೊರತು ಪಾದಗಳನ್ನು ಸೀರೆಯಿಂದ ಹೊರಗೆ ತೆಗೆಯಲಿಲ್ಲ. ನಾನು ಕವಾಯತಿನ ದನಿ ತೆಗೆದೊಡನೆ ಮಂಚದ ಕಬ್ಬಿಣದ ಸರಳಿಗೆ ಪಾದ ಕೊಟ್ಟು ಮಂಚವೇ ಅಲುಗುವಂತೆ ಒತ್ತಿದಳು.

ಡಾಕ್ಟರಬಾಯಿ ಸರ್ಜನ್‌ಗೆ ಹೇಳಿದರು: “ಇವರನ್ನ ಒಳಗ ಕರ್ಕೋಳ್ಳೂಣು. ನನ್ನ ದನಿಗೆ ಆಕಿ ಏಳೂದಿಲ್ಲ.”

“ಇವರು ಅಲ್ಲೇ ಬಿದ್ದರ?” ಎಂದರು ಸರ್ಜನ್, ನನ್ನನ್ನು ಮೇಲಿಂದ ಕೆಳಗೆ ನೋಡಿ.

“ಕೆಳಗ ಕೂಡಸ್ತೀನಿ. ಕೂತವ್ರು ಎಷ್ಟಂತ ಬೀಳ್ತಾರ?”

ಈಗಿನವರು ಇದನ್ನು ನಂಬುವುದಿಲ್ಲ. ಆಗಲೂ ಅದು ವಾಡಿಕೆಯಲ್ಲ. ಆ ಆಸ್ಪತ್ರೆಯಲ್ಲಿ ಅಂಥ ಪರೀಕ್ಷೆಯೇ ಮೊದಲನೆಯದು, ಹಾಗಾಗಿ ನಿಯಮವನ್ನು ಯಾರೂ ಇನ್ನೂ ಮಾಡಿರಲಿಲ್ಲ. ಆ ದಿನದ ತನಕ ನಾನು ಏನೇನು ಚಿಂತಿಸಿದೆ ಎಂದು ಕೇಳಬೇಡಿ. ದೀಪ ಆರಿದರೆ? ಅವಳು ಎಚ್ಚರವಾದವಳು ಎದ್ದು ಕೂತರೆ? ನನ್ನ ಗಂಟಲು ಕಟ್ಟಿದರೆ? ಅದಕ್ಕೆಂದು ಕಲ್ಲುಸಕ್ಕರೆ ಕೂಡ ಕಿಸೆಯಲ್ಲಿಟ್ಟುಕೊಂಡಿದ್ದೆ. ನಾನು ಚಿಂತಿಸದೆ ಬಿಟ್ಟದ್ದು ಒಂದೇ ಒಂದು. ಆಗಿದ್ದೂ ಅದೇ.

ನನಗೆ ಹಸಿರು ನಿಲುವಂಗಿ, ಟೊಪ್ಪಿಗೆ, ಬಾಯಿಗೆ ಬಟ್ಟೆ ಕಟ್ಟಿ, ಮೇಜಿನ ತಲೆಯ ಕಡೆ ಗಿಡ್ಡ ಸ್ಟೂಲಿನ ಮೇಲೆ ಕೂಡಿಸಿದರು. ಅವಳು ಬೋರಲು ಮಲಗಿದ್ದಳು, ಬಾಯಲ್ಲಿ ನಳಿಗೆ. ಮೈಮೇಲೆಲ್ಲ ಬಟ್ಟೆ. ಬೆನ್ನಿನ ಕಡೆ ನಡೆಯುತ್ತಿದ್ದುದು ನನಗೆ ಕಾಣುವಂತಿರಲಿಲ್ಲ. ನನಗಿದ್ದದ್ದು ಬಟ್ಟೆಯ ಕೆಳಗಿನಿಂದ ಬಂದ ಅವಳ ಬಲಗೈ ಒಂದೇ. ಬಳೆ ತೆಗೆದಿದ್ದರು. ಬಳೆಯಿಲ್ಲದ ಆ ಕೈ ಯಾರದೋ ಎನ್ನಿಸಿತು.

ತಾಸುಗಟ್ಟಲೆ ಆದಮೇಲೆ ಸರ್ಜನ್ ಕೈ ನಿಲ್ಲಿಸಿ, “ಈಗ,” ಎಂದರು. ಡಾಕ್ಟರಬಾಯಿ ಔಷಧ ತಗ್ಗಿಸಿದರು. ಕಾದೆವು. ಅವರು ನನಗೆ ಸನ್ನೆ ಮಾಡಿದರು.

“ಏ,” ಎಂದೆ. ಮತ್ತೆ, ಶಾಲೆಯ ದನಿಯಲ್ಲಿ: “ಏ! ನಾ ಅದೇನಿ. ಕೈ ಹಿಚುಕು!”

ಏನೂ ಇಲ್ಲ. ಇನ್ನೊಮ್ಮೆ ಹೇಳಿದೆ. ಮೂರನೆಯ ಸಲಕ್ಕೆ ಅವಳ ಬೆರಳುಗಳು ನನ್ನ ಬೆರಳುಗಳನ್ನು ಹಿಡಿದವು. ಮೆತ್ತಗೆ, ಆದರೆ ಅವಳೇ.

“ಹಿಚುಕಿದ್ಳು!” ಎಂದೆ.

ಡಾಕ್ಟರಬಾಯಿ ಮೇಜಿನ ಆ ತುದಿಗೆ ಹೋಗಿ ಬಟ್ಟೆಯೊಳಗೆ ಕೈ ಹಾಕಿದರು. “ಬಲಗಾಲು ಹೇಳ್ರಿ.”

“ಬಲಗಾಲು ಒತ್ತು!”

“ಇಲ್ಲ,” ಎಂದರು ಅವರು. “ಮತ್ತ ಹೇಳ್ರಿ.”

“ಬಲಗಾಲು ಒತ್ತು ಬೇ! ಒತ್ತು!”

“ಇಲ್ಲ. ಎಡಗಾಲು?”

“ಎಡಗಾಲು!”

“ಇಲ್ಲ.”

ಸರ್ಜನ್ ಮರಾಠಿಯಲ್ಲಿ ಒಂದು ಮಾತು ಗೊಣಗಿದರು. ಕೈ ಹಿಸುಕುತ್ತಾಳೆ, ಪಾದ ಅಲುಗುವುದಿಲ್ಲ. ಅದರ ಅರ್ಥ ಅವರು ಚೀಟಿಯ ಹಿಂಬದಿಯಲ್ಲಿ ನನಗೆ ಮೊದಲೇ ತಿಳಿಸಿದ್ದರು.

ಅಷ್ಟರಲ್ಲಿ ನನ್ನ ಕೈಯೊಳಗಿನ ಅವಳ ಕೈ ಕೊಸರಿತು. ನಾನು ಬಿಗಿಹಿಡಿದೆ. ಅದು ಇನ್ನೂ ಜೋರಾಗಿ ಜಗ್ಗಿ, ಬೆರಳುಗಳನ್ನೆಲ್ಲ ಒಂದುಗೂಡಿಸಿಕೊಂಡು ಮುಖದ ಕಡೆಗೆ ಹೋಗಲು ನೋಡಿತು. “ಹಿಡೀರಿ, ಹಿಡೀರಿ! ನಳಿಗಿ ಕಿತ್ತಾಳು!” ಎಂದು ಡಾಕ್ಟರಬಾಯಿ ಆ ತುದಿಯಿಂದ ಕೂಗಿದರು. ನಾನು ಆ ಕೈಯನ್ನೇ ನೋಡುತ್ತಿದ್ದೆ. ನಳಿಗೆ ಕೀಳುವ ಕೈಯಲ್ಲ ಅದು. ಕಣ್ಣಿಗೆ ಒತ್ತಿಕೊಳ್ಳಲು ಹೊರಟ ಕೈ.

“ಬಾಯಾರ, ನಿಮ್ಮ ಕೈ ಎಲ್ಲೈತಿ?”

“ಎಲ್ಲಿರತೈತಿ? ಆಕಿ ಪಾದದ ಮ್ಯಾಲೆ.”

“ತಗೀರಿ! ಆಕಿಗೆ ಗೊತ್ತಾಗೇತಿ. ಕಾಲ ಯಾರಿಗೋ ತಾಗೇತಿ ಅಂತ ನಮಸ್ಕಾರ ಮಾಡಾಕತ್ಯಾಳ. ಮನಷ್ಯಾರಿಗೆ ಆಕಿ ಒದ್ಯಾಂಗಿಲ್ರಿ!”

ಡಾಕ್ಟರಬಾಯಿ ಒಂದು ಗಳಿಗೆ ಕನ್ನಡಕದೊಳಗಿಂದ ನನ್ನನ್ನು ನೋಡಿದರು. ಆಮೇಲೆ, “ಅಯ್ಯ ನನ ತಾಯಿ,” ಎಂದು ಕೈ ಎಳೆದುಕೊಂಡರು. “ನಮ್ಮಜ್ಜೀನೂ ಹಿಂಗಽ ಇದ್ಲು.”

ಸರ್ಜನ್ ಮಾತ್ರ ಒಪ್ಪಲಿಲ್ಲ. “ತಾಗಿದ್ದು ತಿಳಿಯೂ ನರ ಬ್ಯಾರೆ, ಅಲುಗಸೂ ನರ ಬ್ಯಾರೆ. ನನಗ ಅಲುಗಿದ್ದು ಬೇಕು. ಜಲ್ದಿ ನೋಡ್ರಿ, ಆಕಿ ಪೂರಾ ಏಳ್ತಾಳ.”

ಮುರಿದ ಎಲುಬಿಗೆ ಕಟ್ಟುವ ಮರದ ಹಲಗೆಯೊಂದಕ್ಕೆ ಬಟ್ಟೆ ಸುತ್ತಿ, ಡಾಕ್ಟರಬಾಯಿ ಅವಳ ಪಾದಕ್ಕೆ ಆನಿಸಿದರು. ನಾನು ಬಗ್ಗಿ ಅವಳ ಕಿವಿಯ ಹತ್ತಿರ ಬಾಯಿ ಇಟ್ಟೆ. ಈ ಸಲ ಕವಾಯತಿನ ದನಿ ಬರಲಿಲ್ಲ. ಗಂಟಲಲ್ಲಿ ಇದ್ದ ದನಿಯನ್ನೇ ಕೊಟ್ಟೆ.

“ಏ, ಅಲ್ಲ್ಯಾರೂ ಇಲ್ಲ. ಗ್ವಾಡಿ ಐತಿ. ಖಾಲಾನ ಗ್ವಾಡಿ. ಒದಿ.”

“ಬಲಗಾಲು ಬಂತು!” ಎಂದರು ಡಾಕ್ಟರಬಾಯಿ.

“ಇನ್ನೊಂದು,” ಎಂದೆ. “ಅದನ್ನೂ ಒತ್ತು. ಆಚೆಕಡೆ ಭಾಂಡೆ ಬೀಳಲಿ.”

ಎಡಗಾಲು ಯೋಚಿಸಿತು. ನಾನು ಉಸಿರು ಹಿಡಿದೆ. ಹಿಡಿದೇ ಇದ್ದೆ.

“ಬಂತು. ಸಣ್ಣಗೆ, ಆದ್ರ ಬಂತು.”

ಸರ್ಜನ್ ಕೈ ಚಾಚಿದರು, ಯಾರೋ ಅದರಲ್ಲಿ ಏನೋ ಇಟ್ಟರು. ಅವಳನ್ನು ಮತ್ತೆ ಮಲಗಿಸಿದರು. ನಾನು ಹಿಡಿದ ಕೈ ಭಾರವಾಯಿತು. ನನ್ನನ್ನು ಹೊರಗೆ ಕಳಿಸಿದರು. ಪಡಸಾಲೆಯಲ್ಲಿ ನಿಂತಿದ್ದವನು ನೆಲಕ್ಕೆ ಬಿದ್ದೆ. ಕೂತವನು ಬೀಳುವುದಿಲ್ಲ ಎಂದು ಡಾಕ್ಟರಬಾಯಿ ಹೇಳಿದ್ದು ನಿಜ, ನಿಂತವನ ವಿಷಯ ಅವರು ಹೇಳಿರಲಿಲ್ಲ.

ಕಡೆಯ ತುಣುಕು ಬಂತು. ಎಚ್ಚರವಾದ ಮೇಲೆ ಅವಳಿಗೆ ಅದ್ಯಾವುದೂ ನೆನಪಿರಲಿಲ್ಲ. ನಾನು ಹೇಳಿದರೆ ಸೆರಗು ಬಾಯಿಗೆ ಹಿಡಿದು, “ಡಾಕ್ಟರಬಾಯಾರ್ಗೆ ಕಾಲ ಹಚ್ಚಿದ್ನೇನು? ಎಂಥಾ ಹೊತ್ತು ತಂದ್ರಿ ನನಗ!” ಎಂದು ನನ್ನನ್ನೇ ಬೈದಳು. ಅವರು ನೋಡಲು ಬಂದಾಗ ಮಂಚದ ಮೇಲಿಂದಲೇ ಅವರ ಕೈ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಆ ದೊಡ್ಡ ಡಾಕ್ಟರಬಾಯಿ ಏನೂ ತೋಚದೆ ಅವಳ ಗಲ್ಲ ಹಿಂಡಿ ಹೋದರು.

ಬೆನ್ನಿನ ಗಡ್ಡೆ ಮತ್ತೆ ಬೆನ್ನಿಗೆ ಬರಲಿಲ್ಲ. ಬಂದದ್ದು ಎದೆಗೆ. ಎರಡು ಸುಗ್ಗಿ ಅವಳು ಮನೆಯಲ್ಲಿ ಓಡಾಡಿದಳು, ಮೂರನೆಯ ಸುಗ್ಗಿಗೆ ಇರಲಿಲ್ಲ. ಕಡೆಯ ವಾರದ ತನಕ ತನ್ನ ಕಾಲ ಮೇಲೆಯೇ ಬಚ್ಚಲಿಗೆ ಹೋಗಿ ಬಂದಳು. ಅದನ್ನು ಸರ್ಜನ್‌ಗೆ ಹೇಳಿದಾಗ ಅವರು ತಲೆ ಅಲ್ಲಾಡಿಸಿದರು. ನಾನು ಮತ್ತೆ ಮದುವೆಯಾಗಲಿಲ್ಲ. ಚಿಂತಿಸುವುದು ನನ್ನ ಕಸುಬು ನಿಜ, ಆದರೆ ಇನ್ನೊಬ್ಬರಿಗಾಗಿ ಹೊಸದಾಗಿ ಶುರುಮಾಡುವಷ್ಟು ಅದು ಉಳಿದಿರಲಿಲ್ಲ.

ಅವಳಿಲ್ಲದ ಇಷ್ಟು ವರ್ಷಗಳಲ್ಲಿ ಅವಳ ಮುಖ ಕೆಲವೊಮ್ಮೆ ಮಸುಕಾಗುತ್ತದೆ. ಮಸುಕಾಗದೆ ಉಳಿದದ್ದು, ನನ್ನ ಮುಂದೆ ನಡೆಯುತ್ತಿರುವ ಅವಳ ಬೆನ್ನು. ಆಪರೇಷನ್ ಆಗಿ ಕೆಲವು ತಿಂಗಳಾದ ಮೇಲೆ ಮೊದಲ ಸಲ ಅವಳನ್ನು ತವರಿಗೆ ಕರೆದುಕೊಂಡು ಹೋಗಿದ್ದೆ. ಬಬಲೇಶ್ವರದಲ್ಲಿ ಬಸ್ಸಿಳಿದಾಗ ಹೊತ್ತು ಏರಿರಲಿಲ್ಲ. ಮನೆಯ ತನಕ ಎತ್ತಿನ ಚಕ್ಕಡಿ ಹೇಳಿದ್ದೆ, ಚಕ್ಕಡಿ ಬಂದಿರಲಿಲ್ಲ. ನಾನು ಚಿಂತಿಸಲು ಆರಂಭಿಸುವಷ್ಟರಲ್ಲಿ ಅವಳು ಹೊರಟೇಬಿಟ್ಟಿದ್ದಳು. ಎರಡೂ ಚೀಲ ನನ್ನ ಕೈಯಲ್ಲಿ. ಬಿಳಿಜೋಳದ ಹೊಲಗಳ ನಡುವಿನ ದಾರಿ.

“ನಿಧಾನ ಹೋಗಬೇ! ತಗ್ಗದಾವ!”

“ಕಾಣಸಾಕತ್ತಾವ್ರಿ!”

“ಚಕ್ಕಡಿ ಬರತೈತಿ, ನಿಲ್ಲ!”

“ಬಂದ್ರ ನೀವ ಕೂತು ಬರ್ರಿ!”

ತಿರುಗಿ ನೋಡಲಿಲ್ಲ. ಎಡಗಾಲನ್ನು ಸ್ವಲ್ಪ ಎಳೆದು ಹಾಕುತ್ತಿದ್ದಳು, ಆದರೂ ನನಗಿಂತ ಜೋರು. ಊರ ಅಗಸೆಬಾಗಿಲ ಹತ್ತಿರ ಯಾರೋ ಹೆಂಗಸರು ಮಾತಾಡಿಸಿದರು, ಅವಳು ಏನೋ ಅಂದಳು, ಅವರೆಲ್ಲ ನನ್ನ ಕಡೆ ನೋಡಿ ನಕ್ಕರು. ನಾನು ಅಲ್ಲಿಗೆ ಮುಟ್ಟುವ ಹೊತ್ತಿಗೆ ಅವಳು ಓಣಿಯಲ್ಲಿ ತಿರುಗಿಯಾಗಿತ್ತು.

ಮನೆಯ ಕಟ್ಟೆ ಹತ್ತಿದಾಗ ಒಳಗಿನಿಂದ ಅವಳ ದನಿ ಕೇಳುತ್ತಿತ್ತು. “ಯವ್ವಾ, ನಿನ್ನ ಅಳಿಯಾಗ ನೀರ ಕೊಡು. ಪಾಪ, ಬಾಳ ದೂರದಿಂದ ನಡಕೋಂತ ಬಂದಾರ.”

ಅತ್ತೆ ತಂಬಿಗೆ ತಂದುಕೊಟ್ಟರು. ನಾನು ಕುಡಿಯುತ್ತಿದ್ದಂತೆಯೇ ಅವಳು ಎದ್ದು, ಹೊಸದಾಗಿ ಈದ ಎಮ್ಮೆಯ ಕರು ನೋಡಬೇಕೆಂದು ಹಿತ್ತಲಿನ ಕಡೆ ಹೋದಳು. ನೀರು ಅರ್ಧಕ್ಕೇ ಬಿಟ್ಟು ನಾನೂ ಹೋದೆ.